ಏರ್ ಆಂಬುಲೆನ್ಸಿನಲ್ಲಿ ರೋಗಿಯನ್ನು ಕಳಿಸುವಾಗ ಯಾವ ಹಂತದಲ್ಲಿ ಯಾರು ಜವಾಬ್ದಾರಿ? (ಮಣಿಪಾಲ–ಬಜ್ಪೆ–ಬೆಂಗಳೂರು)

ಸಂತೆಕಟ್ಟೆ ನೆರವು ಕೇಳಿದ್ದು:

ಉಡುಪಿ ಕಡೆಯ ಆಸ್ಪತ್ರೆಗಳಲ್ಲಿ ದಾಖಲಾದವರ ಮನೆಯವರಿಗೆ ಕಾಗದಪತ್ರದ ಕೆಲಸದಲ್ಲಿ ನೆರವಾಗುವ ಸಣ್ಣ ಗುಂಪು ನಮ್ಮದು. ರೋಗಿಯನ್ನು ವಿಮಾನದಲ್ಲಿ ಬೆಂಗಳೂರಿಗೋ ಮುಂಬೈಗೋ ಕಳಿಸಬೇಕಾಗಿ ಬಂದರೆ ಮನೆಯವರ ಕೈಗೆ ಕೊಡಲಿಕ್ಕೆ ಒಂದು ಹಾಳೆ ಮಾಡಬೇಕು ಅಂತ ಉಂಟು. ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಕಂಪನಿಯವರು ಮೊಬೈಲಿಗೆ ಕಳಿಸುವ ಫಾರ್ಮಿನಲ್ಲಿ "ಪ್ರಯಾಣದಲ್ಲಿ ಏನೇ ಆದರೂ ನಾವು ಹೊಣೆಯಲ್ಲ" ಅಂತ ಇರುತ್ತದೆ. ಅದಕ್ಕೆ ಸಹಿ ಹಾಕಿದರೆ ಮುಂದೆ ಕೇಳುವ ಹಕ್ಕೇ ಹೋಗುತ್ತದಾ? ವಾರ್ಡಿನಿಂದ ಸ್ಟ್ರೆಚರ್ ಹೊರಟ ಮೇಲೆ ರೋಗಿ ಯಾವ ಡಾಕ್ಟರ ಕೈಯಲ್ಲಿರುವುದು, ಕಳಿಸಿದವರದ್ದಾ, ಜೊತೆಗೆ ಬರುವವರದ್ದಾ? ಹಾರುವಾಗಲೇ ತೀರಿಕೊಂಡರೆ ಮರಣ ಎಲ್ಲಿ ದಾಖಲಾಗುವುದು? ಇನ್ನೊಂದು, ಆದಿ ಉಡುಪಿಯಲ್ಲಿ ಹೆಲಿಪ್ಯಾಡ್ ಇರುವಾಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದವರೆಗೆ ಯಾಕೆ ಹೋಗುವುದು ಅಂತ ಎಲ್ಲರೂ ಕೇಳುತ್ತಾರೆ.

ಹಂಪನಕಟ್ಟೆ ವಕೀಲ ಉತ್ತರ:

ಫಾರ್ಮಿನ ವಿಷಯ ಮೊದಲು. ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಹಣ ಪಡೆದು ಜನರನ್ನು ವಿಮಾನದಲ್ಲಿ ಒಯ್ಯುವವರಿಗೆ 1972ರ ವಾಯು ಸಾಗಣೆ ಕಾಯ್ದೆ ಅನ್ವಯಿಸುತ್ತದೆ. ಅದರ ಮೂರನೇ ಅನುಸೂಚಿ ಎಂದರೆ 1999ರ ಮಾಂಟ್ರಿಯಲ್ ಒಪ್ಪಂದವೇ. 2014ರ ಅಧಿಸೂಚನೆಯಿಂದ ಕೆಲವು ಬದಲಾವಣೆಗಳೊಂದಿಗೆ ಅದು ದೇಶದೊಳಗಿನ ಹಾರಾಟಕ್ಕೂ ಬಂತು. ಅದರ 26ನೇ ನಿಯಮ ನೇರವಾಗಿದೆ: ಸಾಗಣೆದಾರನ ಹೊಣೆಯನ್ನು ತಪ್ಪಿಸುವ ಅಥವಾ ಕಾನೂನು ಹೇಳಿದ್ದಕ್ಕಿಂತ ಕಡಿಮೆ ಮಾಡುವ ಯಾವ ಷರತ್ತೂ ಅಸಿಂಧು. ಷರತ್ತು ಬಿದ್ದುಹೋದರೂ ಉಳಿದ ಕರಾರು ಉಳಿಯುತ್ತದೆ. ಹಾಗಾಗಿ ಆ ಸಾಲನ್ನು ನೋಡಿ ಹೆದರಿ ವಿಮಾನ ಬಿಡುವುದು ಬೇಡ. "ರೋಗಿಯ ಸ್ಥಿತಿಯಿಂದ ಬರಬಹುದಾದ ಅಪಾಯವನ್ನು ನಮಗೆ ವಿವರಿಸಿದ್ದಾರೆ" ಎನ್ನುವುದಕ್ಕೆ ಸಹಿ ಹಾಕುವುದು ಬೇರೆ, ಅದು ಸರಿಯಾದ ಒಪ್ಪಿಗೆ ಪತ್ರ. ಅದರಿಂದ ನಿರ್ಲಕ್ಷ್ಯಕ್ಕೆ ಮಾಫಿ ಸಿಗುವುದಿಲ್ಲ.

ಆದರೆ ಜನ ಎಡವುವುದು ಬೇರೆ ಕಡೆ. ಆ ಕಾಯ್ದೆಯಲ್ಲಿ ಪರಿಹಾರ ಸಿಗುವುದು "ಅಪಘಾತ"ಕ್ಕೆ. ವಿಮಾನದೊಳಗೆ, ಅಥವಾ ಹತ್ತುವಾಗ ಇಳಿಯುವಾಗ, ಪ್ರಯಾಣಿಕನ ದೇಹದ ಹೊರಗಿನಿಂದ ಬಂದ ಅನಿರೀಕ್ಷಿತ ಘಟನೆ ಇರಬೇಕು ಎಂದೇ ಕೋರ್ಟುಗಳು ಈ ಪದವನ್ನು ಓದುತ್ತವೆ. ಹೃದಯಾಘಾತದ ರೋಗಿಗೆ ಹಾರುವಾಗ ಮತ್ತೊಮ್ಮೆ ಹೃದಯಾಘಾತ ಆದರೆ ಅದು ಅವರ ಕಾಯಿಲೆ, ಅಪಘಾತ ಅಲ್ಲ. ವಿಮಾನಕ್ಕೆ ಏರಿಸುವಾಗ ಸ್ಟ್ರೆಚರ್ ಜಾರಿದರೆ ಅಪಘಾತ. ಆಮ್ಲಜನಕ ಮುಗಿದು ಹೋದರೆ ಅಥವಾ ವೆಂಟಿಲೇಟರ್ ಬ್ಯಾಟರಿ ಸತ್ತರೆ? ಎರಡೂ ಕಡೆ ವಾದಕ್ಕೆ ಜಾಗ ಉಂಟು. ಅಂಥದ್ದನ್ನು ಸೇವಾ ನ್ಯೂನತೆ ಎಂದು ಗ್ರಾಹಕರ ಆಯೋಗದಲ್ಲಿ ಹಿಡಿಯುವುದು ಹೆಚ್ಚು ಗಟ್ಟಿ.

ಅಂದರೆ ಒಂದೇ ಪ್ರಯಾಣದಲ್ಲಿ ಮೂರು ಕಾನೂನು. ಮಣಿಪಾಲದಿಂದ ಬಜ್ಪೆಗೆ ಹೋಗುವಾಗ ರಸ್ತೆಯಲ್ಲಿ ಆಂಬುಲೆನ್ಸ್ ಗುದ್ದಿಕೊಂಡರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಬಂದ ಮೇಲೆ ಅಲ್ಲಿ 6 ತಿಂಗಳೊಳಗೆ ಅರ್ಜಿ ಹಾಕಿಬಿಡಬೇಕು. ಏಪ್ರನ್ನಿನಲ್ಲಿ (ನಿಲ್ದಾಣದಲ್ಲಿ ವಿಮಾನ ನಿಲ್ಲುವ ಅಂಗಳ) ಹತ್ತಿಸುವುದರಿಂದ ಇಳಿಸುವವರೆಗೆ ವಾಯು ಸಾಗಣೆ ಕಾಯ್ದೆ, 2 ವರ್ಷ. ಚಿಕಿತ್ಸೆಯ ತಪ್ಪಿಗೆ 2019ರ ಗ್ರಾಹಕರ ರಕ್ಷಣಾ ಕಾಯ್ದೆ, ಅದಕ್ಕೂ 2 ವರ್ಷ. ಎರಡೂ 2 ವರ್ಷವೇ ಆದರೂ ವ್ಯತ್ಯಾಸ ದೊಡ್ಡದು: ತಡವಾದದ್ದಕ್ಕೆ ತಕ್ಕ ಕಾರಣ ಇದ್ದರೆ ಗ್ರಾಹಕರ ಆಯೋಗ ಮನ್ನಿಸಬಹುದು, ವಾಯು ಸಾಗಣೆಯಲ್ಲಿ ಅವಧಿ ಮುಗಿದರೆ ಹಕ್ಕೇ ಅಳಿಯುತ್ತದೆ. ಕೊಟ್ಟ ಶುಲ್ಕ 50 ಲಕ್ಷದೊಳಗೆ ಇದ್ದರೆ ಜಿಲ್ಲಾ ಆಯೋಗ ಸಾಕು. ಕಂಪನಿ ದೆಹಲಿಯದ್ದಾದರೂ ದೂರುದಾರ ವಾಸವಿರುವ ಉಡುಪಿಯಲ್ಲೇ ದೂರು ಕೊಡಬಹುದು. ಫಾರ್ಮಿನಲ್ಲಿ "ದೆಹಲಿ ಕೋರ್ಟಿನ ವ್ಯಾಪ್ತಿಗೆ ಮಾತ್ರ" ಎಂದಿದ್ದರೂ ಗ್ರಾಹಕ ದೂರಿಗೆ ಅದು ಅಡ್ಡಿಯಲ್ಲ.

ಇನ್ನು ನಿಮ್ಮ ಹಾಳೆಯ ತಲೆಯಲ್ಲೇ ಹಾಕಬೇಕಾದ ಮಾತು. ಗೂಗಲ್‌ನಲ್ಲಿ ಹುಡುಕಿದಾಗ ಸಿಗುವ "ಏರ್ ಆಂಬುಲೆನ್ಸ್ ಕಂಪನಿ"ಗಳಲ್ಲಿ ಎಷ್ಟೋ ಬರೀ ಬ್ರೋಕರ್‌ಗಳು. ವಿಮಾನ ಒಬ್ಬರದ್ದು, ಡಾಕ್ಟರ ತಂಡ ಇನ್ನೊಬ್ಬರದ್ದು, ಹಣ ಪಡೆಯುವವರು ಮೂರನೆಯವರು. ಬ್ರೋಕರ್ ಇದ್ದರೆ ತಪ್ಪಿಲ್ಲ, ಆದರೆ ನಾಳೆ ನೋಟಿಸು ಕೊಡಲಿಕ್ಕೆ ಹೆಸರು ಬೇಕಲ್ಲ ಮಾರಾಯ್ರೆ. ಮುಂಗಡ ಕಳಿಸುವ ಮೊದಲು ಲಿಖಿತವಾಗಿ ಕೇಳಿ: ವಿಮಾನದ ನೋಂದಣಿ ಸಂಖ್ಯೆ (ವಿಟಿ ಅಂತ ಶುರುವಾಗುವುದು), ಆಪರೇಟರ್‌ನ ಹೆಸರು ಮತ್ತು ಡಿಜಿಸಿಎ (ವಿಮಾನಯಾನ ಮಹಾನಿರ್ದೇಶನಾಲಯ) ಬಾಡಿಗೆ ಹಾರಾಟಕ್ಕೆ ಕೊಟ್ಟ ಎನ್‌ಎಸ್‌ಒಪಿ ಪರ್ಮಿಟ್ ಸಂಖ್ಯೆ, ವಿಮೆಯ ಪ್ರತಿ, ಜೊತೆಗೆ ಬರುವ ಡಾಕ್ಟರ ಹೆಸರು ಮತ್ತು ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ. ಪರ್ಮಿಟ್ ಇರುವವರ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿ ಸಿಗುತ್ತದೆ, ಎರಡು ನಿಮಿಷದ ಕೆಲಸ. ಬಾಡಿಗೆಗೆ ಬಿಡುವ ಪರ್ಮಿಟ್ಟೇ ಇಲ್ಲದ ಖಾಸಗಿ ವಿಮಾನ ತಂದರೆ, ಏನಾದರೂ ಆದಾಗ ವಿಮಾ ಕಂಪನಿ ಅದನ್ನೇ ಹಿಡಿದು ಕೈ ಎತ್ತುತ್ತದೆ.

ಐಸಿಯು ಪಾಳಿ ಉತ್ತರ:

ರೋಗಿ ಯಾರ ಕೈಯಲ್ಲಿ ಎಂಬುದಕ್ಕೆ ವಕೀಲರು ಕಾನೂನು ಹೇಳಿದರು. ರೂಢಿಯಲ್ಲಿ ಅದು ಹಾಸಿಗೆಯ ಪಕ್ಕದಲ್ಲಿ ನಿರ್ಧಾರವಾಗುವುದು. ಸಾಗಿಸುವ ತಂಡದ ಡಾಕ್ಟರ್ ಐಸಿಯು ಒಳಗೆ ಬಂದು, ತಾವೇ ಪರೀಕ್ಷಿಸಿ, ತಮ್ಮ ಮಾನಿಟರ್ ಮತ್ತು ವೆಂಟಿಲೇಟರ್‌ಗೆ ರೋಗಿಯನ್ನು ಬದಲಾಯಿಸಿ, 15–20 ನಿಮಿಷ ಸ್ಥಿರವಾಗಿದ್ದಾರೆ ಎಂದು ನೋಡಿ, ಹಸ್ತಾಂತರ ಪತ್ರದಲ್ಲಿ ಗಂಟೆ-ನಿಮಿಷ ಬರೆದು ಸಹಿ ಹಾಕಬೇಕು. ಅಲ್ಲಿಯವರೆಗೆ ಕಳಿಸುವ ಆಸ್ಪತ್ರೆ, ಅಲ್ಲಿಂದ ಆ ಡಾಕ್ಟರ್, ಬೆಂಗಳೂರಿನಲ್ಲಿ ಅದೇ ರೀತಿ ಇನ್ನೊಂದು ಸಹಿ ಆಗುವವರೆಗೆ. ತಂಡ ಆಸ್ಪತ್ರೆಗೆ ಬಾರದೆ "ರೋಗಿಯನ್ನು ಏರ್‌ಪೋರ್ಟಿಗೆ ತನ್ನಿ" ಅಂದರೆ ನಡುವಿನ ಒಂದೂವರೆ ಗಂಟೆ ರಸ್ತೆಯಲ್ಲಿ ಯಾರು ಅನ್ನುವುದು ತೂಗಾಡುತ್ತದೆ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಹಾಸಿಗೆಯಿಂದ ಹಾಸಿಗೆಗೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ.

ಕಳಿಸುವ ಡಾಕ್ಟರ ಹೊಣೆ ಸಹಿಯೊಂದಿಗೆ ಮುಗಿಯುವುದಿಲ್ಲ ಎಂಬುದನ್ನೂ ಸೇರಿಸಿ. ಹಾರಲು ಯೋಗ್ಯ ಎಂದು ಪ್ರಮಾಣಪತ್ರ ಕೊಟ್ಟವರು ಎತ್ತರದಲ್ಲಿ ಏನಾಗುತ್ತದೆ ಎಂದು ಯೋಚಿಸಿರಬೇಕು. ವಿಮಾನದೊಳಗಿನ ಗಾಳಿ ಸಾಮಾನ್ಯವಾಗಿ 6,000ರಿಂದ 8,000 ಅಡಿ ಎತ್ತರದ ಗಾಳಿಗೆ ಸಮ. 8,000 ಅಡಿಯಲ್ಲಿ ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಹಿಗ್ಗುತ್ತದೆ. ಎದೆಗೂಡಿನಲ್ಲಿ ಗಾಳಿ ಸೇರಿದವರಿಗೆ ಕೊಳವೆ ಹಾಕದೆ ಹಾರಿಸಬಾರದು. ಹಾಕಿದ ಕೊಳವೆಯನ್ನು ಸಾಗಿಸುವಾಗ ಕ್ಲ್ಯಾಂಪ್ ಮಾಡಲೇಬಾರದು. ಶ್ವಾಸನಾಳದ ಟ್ಯೂಬಿನ ಕಫ್ (ಗಾಳಿ ತುಂಬಿದ ಪಟ್ಟಿ) ವಿಮಾನ ಏರುವಾಗ ಉಬ್ಬಿ ಶ್ವಾಸನಾಳವನ್ನು ಒತ್ತುತ್ತದೆ, ಇಳಿಯುವಾಗ ಸೊರಗಿ ಗಾಳಿ ಸೋರುತ್ತದೆ. 20–30 ಸೆಂ.ಮೀ. ನೀರಿನ ಒತ್ತಡದಲ್ಲಿ ಇದೆಯಾ ಅಂತ ಎರಡೂ ಸಲ ಮೀಟರ್ ಇಟ್ಟು ನೋಡಬೇಕು. ಬೆರಳಲ್ಲಿ ಒತ್ತಿ ನೋಡಿದರೆ ಗೊತ್ತಾಗುವುದಿಲ್ಲ. ಪ್ಲಾಸ್ಟರ್ ಹಾಕಿ 48 ಗಂಟೆ ಆಗದಿದ್ದರೆ ಸೀಳಿಸಿ ಕಳಿಸುವುದು. ಹೊಟ್ಟೆಗೆ ಹಾಕಿದ ಮೂಗಿನ ಕೊಳವೆ ತೆರೆದಿರಲಿ.

"ಸೀ ಲೆವೆಲ್ ಕ್ಯಾಬಿನ್ ಕೊಡುತ್ತೇವೆ" ಅಂತ ಹೇಳಿ ಹೆಚ್ಚು ಹಣ ಕೇಳುವುದುಂಟು. ಕಿಂಗ್ ಏರ್ ಬಿ200ನಂಥ ವಿಮಾನ ಸುಮಾರು 15,000 ಅಡಿಯವರೆಗೆ ಒಳಗಿನ ಒತ್ತಡವನ್ನು ಸಮುದ್ರಮಟ್ಟದಲ್ಲೇ ಇಡಬಲ್ಲದು, ಮುಂಬೈಗೆ ಹೋಗುವಾಗ ಆ ಮಾತಿಗೆ ಅರ್ಥವಿದೆ. ಬೆಂಗಳೂರಿಗೆ? ಇಳಿಯುವ ನಿಲ್ದಾಣವೇ ಸುಮಾರು 3,000 ಅಡಿ ಎತ್ತರದಲ್ಲಿ ಉಂಟು. ಬಾಗಿಲು ತೆರೆದ ಕೂಡಲೇ ರೋಗಿ ಆ ಎತ್ತರದಲ್ಲೇ ಇರುತ್ತಾರೆ. ಶಿರಾಡಿ ಹತ್ತಿ ಸಕಲೇಶಪುರಕ್ಕೆ ಹೋದರೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಬೆಂಗಳೂರಿಗೆ ಕಳಿಸುವಾಗ 3,000 ಅಡಿಯನ್ನು ತಡೆದುಕೊಳ್ಳದ ರೋಗಿಯಾದರೆ ವಿಮಾನ-ರಸ್ತೆ ಎನ್ನುವ ಪ್ರಶ್ನೆಯೇ ಇಲ್ಲ, ಮೊದಲು ಇಲ್ಲೇ ಸ್ಥಿರ ಮಾಡಬೇಕು.

ಆಮ್ಲಜನಕದ ಲೆಕ್ಕವನ್ನು ಮನೆಯವರೂ ಕೇಳಬಹುದು, ಕಷ್ಟದ್ದಲ್ಲ. ನಿಮಿಷಕ್ಕೆ 10 ಲೀಟರ್ ಬೇಕಿದ್ದರೆ ಗಂಟೆಗೆ 600. ಏಪ್ರನ್ನಿನಲ್ಲಿ ಕಾಯುವುದೂ ಸೇರಿ ವಿಮಾನದ ಪಾಲು 2 ಗಂಟೆ ಎಂದರೆ 1,200, ಅದರ ಮೇಲೆ ಅರ್ಧದಷ್ಟು ಮೀಸಲು ಸೇರಿಸಿ 1,800 ಲೀಟರ್. ಭರ್ತಿ ಇರುವ ಬಿ ಟೈಪ್ ಸಿಲಿಂಡರಿನಲ್ಲಿ ಇರುವುದೇ ಸುಮಾರು 1,500. ಅಂದರೆ ಒಂದು ಸಿಲಿಂಡರ್ ತೋರಿಸಿ "ಸಾಕು" ಅಂದರೆ ಸಾಕಾಗುವುದಿಲ್ಲ. ಮುಳ್ಳು ಅರ್ಧದಲ್ಲಿದ್ದರೆ ಅನಿಲವೂ ಅರ್ಧವೇ. ರಸ್ತೆಯ ಆಂಬುಲೆನ್ಸಿಗೆ ಬೇರೆ ಲೆಕ್ಕ, ಬೇರೆ ಸಿಲಿಂಡರ್.

ಕೊನೆಗೆ ಡಾಮಾ, ಅಂದರೆ ವೈದ್ಯರ ಸಲಹೆ ಮೀರಿ ಬಿಡಿಸಿಕೊಂಡು ಹೋಗುವ ಪತ್ರದ ವಿಷಯ. ಚಿಕಿತ್ಸಕರೇ ಮೇಲಿನ ಚಿಕಿತ್ಸೆಗೆ ಕಳಿಸುತ್ತಿದ್ದರೆ ಅದು ರೆಫರಲ್. ಅವರು ಬೇಡ ಎಂದರೂ ಮನೆಯವರು ಒಯ್ದರೆ ಮಾತ್ರ ವೈದ್ಯರ ಸಲಹೆಗೆ ವಿರುದ್ಧವಾದ ಬಿಡುಗಡೆ. ರೆಫರಲ್ ಪತ್ರ ಕೊಟ್ಟು ಜೊತೆಗೆ ಡಾಮಾಗೂ ಸಹಿ ಕೇಳಿದರೆ ಒಂದನ್ನೇ ಆರಿಸಿ ಅಂತ ಹೇಳಿ. ಎರಡೂ ಇದ್ದರೆ ವಿಮೆಯವರು ಎರಡನೆಯದನ್ನೇ ಓದುತ್ತಾರೆ.

ಪಡುಬಿದ್ರಿ ಡ್ರೈವರ್ ಉತ್ತರ:

ರಸ್ತೆ ಬಗ್ಗೆ ಮಾತ್ರ. ವೆಂಟಿಲೇಟರ್ ರೋಗಿಗೆ ಎಐಎಸ್-125ರ (ಆಂಬುಲೆನ್ಸ್ ಗಾಡಿಗಳ ಮಾನದಂಡ) ಟೈಪ್ ಡಿ, ಅಂದರೆ ಐಸಿಯು ಸೌಕರ್ಯದ ಗಾಡಿಯೇ ಬೇಕು, ಪ್ರಾಥಮಿಕ ಸೌಕರ್ಯದ ಟೈಪ್ ಸಿ ಸಾಕು ಅಂತ ಹೇಳಿದ್ರೆ ಒಪ್ಪಬೇಡಿ. ಮಣಿಪಾಲದಿಂದ ಬಜ್ಪೆ ಹತ್ತಿರ ಹತ್ತಿರ 60 ಕಿ.ಮೀ. ಹೆದ್ದಾರಿಯಲ್ಲಿ ಮೂಲ್ಕಿವರೆಗೆ ಬಂದು ಕಿನ್ನಿಗೋಳಿ–ಕಟೀಲು ಮೇಲೆ ಹೋಗುವುದು ಒಂದು ದಾರಿ, ಸುರತ್ಕಲ್ ದಾಟಿ ಬರುವುದು ಇನ್ನೊಂದು. ಒಳದಾರಿಯಲ್ಲಿ ಟ್ರಾಫಿಕ್ ಕಡಿಮೆ, ತಿರುವು ಜಾಸ್ತಿ. ಬೆನ್ನುಮೂಳೆ ಪೆಟ್ಟಿನವರಿಗೆ ಹೆದ್ದಾರಿಯೇ ಒಳ್ಳೆಯದು. ಕಟೀಲಿನಲ್ಲಿ ಜಾತ್ರೆ ಇದ್ದರೆ ಆ ಕಡೆ ಹೋಗಲೇಬೇಡಿ. ಹೆಜಮಾಡಿ ಟೋಲಿನಲ್ಲಿ ಆಂಬುಲೆನ್ಸಿಗೆ ಹಣ ಇಲ್ಲ. ದಾರಿ ಬಿಡದವರಿಗೆ ಮೋಟಾರು ವಾಹನ ಕಾಯ್ದೆಯ 194ಇ ಪ್ರಕಾರ 10,000 ರೂಪಾಯಿ ದಂಡ ಉಂಟು, ಬಿಡುವವರು ಹೇಗೂ ಬಿಡುತ್ತಾರೆ.

ಕೆಂಜಾರು ಏಪ್ರನ್ ಉತ್ತರ:

ವಿಮಾನ ನಿಲ್ದಾಣದ ಕಡೆಯಿಂದ ಕೆಲವು ಮಾತು. ಏರ್ ಆಂಬುಲೆನ್ಸ್ ಬಜ್ಪೆಯಲ್ಲಿ ಸದಾ ನಿಂತಿರುವುದಿಲ್ಲ, ಬೇರೆ ಊರಿನಿಂದ ಖಾಲಿ ಬರಬೇಕು. ಹಾಗೆ ಬರುವ, ಮರಳುವ ಹಾರಾಟದ ಹಣವನ್ನೂ ನೀವೇ ಕೊಡುವುದು. ದರಪಟ್ಟಿಯಲ್ಲಿ ಅದು ಸೇರಿದೆಯಾ ಅಂತ ಕೇಳಿ. ಒಟ್ಟು ಸಮಯದ ಲೆಕ್ಕ ಹಾಕಿ: ವಿಮಾನ ಬರಲು 3–4 ಗಂಟೆ, ಹತ್ತಿಸಲು ಅರ್ಧ-ಮುಕ್ಕಾಲು ಗಂಟೆ, ಬೆಂಗಳೂರಿಗೆ ಹಾರಾಟ ಸುಮಾರು ಒಂದು ಗಂಟೆ, ಅಲ್ಲಿ ಇಳಿಸಿ ಆಸ್ಪತ್ರೆ ಮುಟ್ಟಲು ಇನ್ನೊಂದು-ಒಂದೂವರೆ. ಕರೆ ಮಾಡಿದ ಗಳಿಗೆಯಿಂದ 6–7 ಗಂಟೆ. ಶಿರಾಡಿ ತೆರೆದಿದ್ದರೆ ರಸ್ತೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿಗೆ ವಿಮಾನದ ಲಾಭ ಹೊತ್ತು ಉಳಿಯುವುದರಲ್ಲಿ ಕಡಿಮೆ, ಕುಲುಕಾಟ ತಪ್ಪುವುದರಲ್ಲಿ ಹೆಚ್ಚು. ಮುಂಬೈ, ದೆಹಲಿ ಆದರೆ ಯೋಚಿಸುವುದೇ ಬೇಡ, ವಿಮಾನವೇ.

ಬೆಂಗಳೂರಿನಲ್ಲಿ ಆಸ್ಪತ್ರೆ ಹಳೆ ಏರ್‌ಪೋರ್ಟ್ ರಸ್ತೆ ಕಡೆ ಇದ್ದರೆ ಎಚ್‌ಎಎಲ್‌ನಲ್ಲಿ ಇಳಿಸಲು ಕೇಳಿ. ದೇವನಹಳ್ಳಿಯಿಂದ ಬರುವ ಹೊತ್ತು ಉಳಿಯುತ್ತದೆ.

ಬಾಗಿಲು ದಾಟುವ ವಿಷಯ: ಆಂಬುಲೆನ್ಸಿನ ನಂಬರ್, ಚಾಲಕನ ಲೈಸೆನ್ಸ್, ಒಳಗೆ ಬರುವ ಎಲ್ಲರ ಗುರುತಿನ ಚೀಟಿ ಮೊದಲೇ ಹ್ಯಾಂಡ್ಲಿಂಗ್ ಏಜೆನ್ಸಿಗೆ (ನಿಲ್ದಾಣದಲ್ಲಿ ವಿಮಾನದ ಕೆಲಸ ನೋಡುವವರು) ಹೋಗಿರಬೇಕು. ಪ್ರಜ್ಞೆ ಇಲ್ಲದ ರೋಗಿಗೂ ಗುರುತಿನ ಚೀಟಿ ಬೇಕು, ತಪಾಸಣೆಯೂ ಉಂಟು. ಕಡೇ ಗಳಿಗೆಯಲ್ಲಿ ಗಾಡಿ ಬದಲಾದರೆ ಅಥವಾ ಅಣ್ಣನ ಬದಲು ಅಳಿಯ ಬಂದರೆ ಗೇಟಿನಲ್ಲೇ ನಿಲ್ಲುತ್ತದೆ. ಸಿಐಎಸ್‌ಎಫ್‌ನವರ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ. ಸಣ್ಣ ವಿಮಾನದಲ್ಲಿ ಮನೆಯವರಿಗೆ ಜಾಗ ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ರೋಗಿಯ ತೂಕ, ಎತ್ತರ ಸರಿಯಾಗಿ ಹೇಳಿ; ಬಾಗಿಲು ಕಿರಿದು, ಸ್ಟ್ರೆಚರನ್ನು ಓರೆ ಮಾಡಿ ನಾಲ್ಕು ಜನ ಎತ್ತಬೇಕು. ಮಳೆಗಾಲದಲ್ಲಿ ಟಾರ್ಪಾಲು ಇದೆಯಾ ಅಂತ ಕೇಳುವುದು ಸಣ್ಣ ಮಾತಲ್ಲ, ಮಾನಿಟರ್ ತಂತಿ ಒದ್ದೆಯಾಗಿ ಅಲ್ಲೇ ಕೆಡುತ್ತದೆ.

ಬಜ್ಪೆ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇ. ಜೂನ್-ಜುಲೈಯಲ್ಲಿ ಮೋಡ ಕೆಳಗಿಳಿದರೆ ಬರುವ ವಿಮಾನ ಬೇರೆಡೆಗೆ ತಿರುಗುತ್ತದೆ. ಇಳಿಯುವುದಾ ಬಿಡುವುದಾ ಎಂಬುದು ಪೈಲಟ್ ಒಬ್ಬರದೇ ತೀರ್ಮಾನ, 1937ರ ವಿಮಾನ ನಿಯಮಗಳ 141ನೇ ನಿಯಮ ಅಂತಿಮ ಅಧಿಕಾರ ಕೊಟ್ಟಿರುವುದು ಅವರಿಗೇ. ರೋಗಿಯ ಸ್ಥಿತಿ ಹೇಳಿ ಒತ್ತಡ ಹಾಕಬಾರದು ಅಂತ ಒಳ್ಳೆಯ ಆಪರೇಟರ್‌ಗಳು ಪೈಲಟ್‌ಗೆ ಆ ವಿವರವನ್ನೇ ಕೊಡುವುದಿಲ್ಲ. ನೀವು ಕರಾರಿನಲ್ಲಿ ನೋಡಬೇಕಾದ್ದು: ವಿಮಾನ ತಿರುಗಿ ಕಣ್ಣೂರಿಗೋ ಕೊಚ್ಚಿಗೋ ಹೋದರೆ ಖರ್ಚು ಯಾರದ್ದು, ರೋಗಿ ಒಳಗಿದ್ದರೆ ಅಲ್ಲಿ ಆಂಬುಲೆನ್ಸ್ ಯಾರು ಮಾಡುವುದು. ರನ್‌ವೇ ಮುಚ್ಚಿರುವ ಹೊತ್ತನ್ನೂ ಕೇಳಿ. 2023ರ ಮೊದಲ ತಿಂಗಳುಗಳಲ್ಲಿ ರನ್‌ವೇಗೆ ಹೊಸ ಪದರ ಹಾಕುವಾಗ ಹಗಲಿಡೀ ಮುಚ್ಚಿದ್ದದ್ದು ನೆನಪಿರಬೇಕು.

ಆದಿ ಉಡುಪಿ ಹೆಲಿಪ್ಯಾಡ್: ಸಿಮೆಂಟಿನ ವೃತ್ತ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಅನುಮತಿ, ಭದ್ರತೆ, ಅಗ್ನಿಶಾಮಕ ವಾಹನ ಪ್ರತಿ ಸಲ ಹೊಂದಿಸಬೇಕು. ಹೆಲಿಕಾಪ್ಟರ್ ಕಣ್ಣಿಗೆ ಕಾಣುವ ಹವೆಯಲ್ಲಿ ಹಾರುವುದು, ಘಟ್ಟದ ಮೇಲೆ ಮೋಡ ಇದ್ದರೆ ದಾಟುವುದಿಲ್ಲ. ಸಣ್ಣ ಹೆಲಿಕಾಪ್ಟರಿನಲ್ಲಿ ವೆಂಟಿಲೇಟರ್ ರೋಗಿಯ ತಲೆ ಕಡೆ ಕೂತು ಟ್ಯೂಬ್ ಹಾಕುವಷ್ಟು ಜಾಗವೂ ಇಲ್ಲ.

ಸಂತೆಕಟ್ಟೆ ನೆರವು:

ಎಲ್ಲರಿಗೂ ಧನ್ಯವಾದ. ಮರಣದ ನೋಂದಣಿ ಬಾಕಿ ಉಳಿಯಿತು. ಮತ್ತೆ ದುಬೈಯಿಂದ ಸಾಮಾನ್ಯ ಪ್ರಯಾಣಿಕ ವಿಮಾನದಲ್ಲೇ ಸ್ಟ್ರೆಚರ್ ಹಾಕಿ ತರುವವರಿಗೂ ಇದೇ ನಿಯಮವಾ?

ಹಂಪನಕಟ್ಟೆ ವಕೀಲ ಉತ್ತರ:

ದುಬೈಯದ್ದು ಅಂತಾರಾಷ್ಟ್ರೀಯ ಸಾಗಣೆ, ಮಾಂಟ್ರಿಯಲ್ ಒಪ್ಪಂದ ನೇರ ಅನ್ವಯ. ಸಾವು, ಗಾಯಕ್ಕೆ ವಿಮಾನ ಕಂಪನಿಯ ತಪ್ಪು ಸಾಬೀತು ಮಾಡದೆಯೂ ಹೊಣೆ ಹೊರಬೇಕಾದ ಮೊದಲ ಹಂತದ ಮಿತಿ ಒಪ್ಪಂದದಲ್ಲಿ 2024ರ ಡಿಸೆಂಬರ್ 28ರಿಂದ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕದಲ್ಲಿ 1,51,880 ಎಸ್‌ಡಿಆರ್. ಅದಕ್ಕಿಂತ ಮೇಲೆ ಕೇಳಿದರೆ ತನ್ನ ನಿರ್ಲಕ್ಷ್ಯ ಇಲ್ಲ ಎಂದು ಕಂಪನಿಯೇ ತೋರಿಸಬೇಕು. ನಮ್ಮೂರಿಗೆ ಈ ಒಪ್ಪಂದ ಪರಿಚಯವಾದದ್ದು ಕಹಿಯಾಗಿ: 2010ರ ಮೇ 22ರ ಬಜ್ಪೆ ವಿಮಾನ ದುರಂತ, 158 ಸಾವು. ಆ ಪರಿಹಾರದ ವ್ಯಾಜ್ಯಗಳಲ್ಲಿ ಒಂದು ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2020ರಲ್ಲಿ, ಒಂದು ಕುಟುಂಬಕ್ಕೆ 7.64 ಕೋಟಿ. ಮಿತಿಯ ಮೊತ್ತವೇ ಕೊನೆಯ ಮೊತ್ತ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿ. ಪ್ರಯಾಣಿಕ ವಿಮಾನದಲ್ಲಿ ತರುವಾಗ ಮೆಡಿಫ್ ಫಾರ್ಮನ್ನು (ರೋಗಿಯ ಸ್ಥಿತಿ ತಿಳಿಸುವ ವೈದ್ಯಕೀಯ ಮಾಹಿತಿ ಪತ್ರ) ಚಿಕಿತ್ಸಕರು ತುಂಬಬೇಕು, ಕಂಪನಿಯ ವೈದ್ಯಕೀಯ ವಿಭಾಗ ಒಪ್ಪಬೇಕು. ಅದರಲ್ಲಿ ಕಾಯಿಲೆ ಮುಚ್ಚಿಟ್ಟರೆ ಮುಂದೆ ನಿಮ್ಮ ವಿರುದ್ಧವೇ ಅದು ಸಾಕ್ಷಿ.

ವಿಮೆ ಇದ್ದವರಿಗೆ: ಪಾಲಿಸಿಯಲ್ಲಿ ಏರ್ ಆಂಬುಲೆನ್ಸ್ ಎಂಬ ಸಾಲು ಇದ್ದರೆ ಸಾಲದು, ಅದಕ್ಕೆ ಬೇರೆ ಮಿತಿ ಇರುತ್ತದೆ. ಹೊರಡುವ ಮೊದಲು ಪೂರ್ವಾನುಮತಿ, ವೈದ್ಯರ ಅಗತ್ಯ ಪ್ರಮಾಣಪತ್ರ, ಆಪರೇಟರ್‌ನ ಪರ್ಮಿಟ್ ಪ್ರತಿ ಕೇಳುತ್ತಾರೆ. ಬ್ರೋಕರ್ ಕೊಟ್ಟ ಬಿಲ್ಲಿನಲ್ಲಿ ವಿಮಾನದ ನಂಬರ್ ಇಲ್ಲದಿದ್ದರೆ ಕ್ಲೇಮು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಚಿಕಿತ್ಸೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ಅರ್ಜಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ರಸ್ತೆ ಅಪಘಾತದ ಗಾಯಾಳು ಆದರೆ ಪೊಲೀಸರಿಗೆ ಕೊಟ್ಟ, ಇದು ಕಾನೂನು ಪ್ರಕರಣದ ಗಾಯ ಎಂದು ತಿಳಿಸುವ ಎಂಎಲ್‌ಸಿ ಮಾಹಿತಿಯ ಪ್ರತಿ ರೋಗಿಯ ಜೊತೆಗೇ ಹೋಗಲಿ. ಇಲ್ಲದಿದ್ದರೆ ಬೆಂಗಳೂರಿನಲ್ಲಿ ಮತ್ತೆ ಮೊದಲಿನಿಂದ ಶುರು.

ಮರಣ: 1969ರ ಜನನ ಮರಣ ನೋಂದಣಿ ಕಾಯ್ದೆಯಡಿ, ಚಲಿಸುವ ವಾಹನದಲ್ಲಿ ಸಾವಾದರೆ ವಾಹನದ ಹೊಣೆ ಹೊತ್ತವರು ಮೊದಲು ನಿಲ್ಲುವ ಜಾಗದಲ್ಲಿ ಮಾಹಿತಿ ಕೊಡಬೇಕು. ವಾಹನ ಎಂದರೆ ಏನು ಅಂತ ನಿಯಮದಲ್ಲೇ ಪಟ್ಟಿ ಉಂಟು: ವಿಮಾನ, ದೋಣಿ, ಹಡಗು, ರೈಲು ಡಬ್ಬಿ, ಎತ್ತಿನ ಗಾಡಿ, ಟಾಂಗಾ, ರಿಕ್ಷಾವರೆಗೆ. ಹಾಗಾಗಿ ಮನೆ ಬ್ರಹ್ಮಾವರದಲ್ಲಿದ್ದರೂ, ಘಟ್ಟದ ಮೇಲೆ ಹಾರುವಾಗ ಪ್ರಾಣ ಹೋಗಿದ್ದರೂ, ವಿಮಾನ ಮೊದಲು ಮುಟ್ಟಿದ್ದು ದೇವನಹಳ್ಳಿಯಾದರೆ ನೋಂದಣಿ ಅಲ್ಲಿನ ನೋಂದಣಾಧಿಕಾರಿಯಲ್ಲಿ. 21 ದಿನದೊಳಗೆ. ಮಾಹಿತಿ ಕೊಡಬೇಕಾದವರು ವಿಮಾನದ ಕಡೆಯವರು, ಮನೆಯವರಲ್ಲ. ಆದರೆ ವಿಮಾನ ಸಂಜೆಗೇ ಬೇರೆ ಊರಿಗೆ ಹೋಗಿರುತ್ತದೆ. ಇಳಿಯುವ ಮೊದಲೇ ಜೊತೆಗಿದ್ದ ಡಾಕ್ಟರರಿಂದ ಸಮಯ ಬರೆದ ಮರಣ ಟಿಪ್ಪಣಿ, ಪೈಲಟ್‌ನ ಸಹಿ ಇರುವ ಒಂದು ಸಾಲಿನ ಚೀಟಿ ಎರಡನ್ನೂ ಕೇಳಿ ಪಡೆಯಿರಿ. ಶವವನ್ನು ಊರಿಗೆ ತರಲಿಕ್ಕೂ ಮೊದಲು ಕೇಳುವುದು ಆ ಟಿಪ್ಪಣಿಯನ್ನೇ.